ದುಂಬಿಗಳಲ್ಲಿ ಗಂಡು ನೋಡುವ ಶಾಸ್ತ್ರ

ಹೆಣ್ಣು ನೋಡಲು ಹೊರಟವನು ಪ್ರಾಣಿಶಾಸ್ತ್ರ ಓದಿರಬಾರದು. ಓದಿದ್ದರೂ ಆ ಸಂಜೆಯ ಮಟ್ಟಿಗೆ ಮರೆತಿರಬೇಕು. ನನಗದು ಸಾಧ್ಯವಾಗಲಿಲ್ಲ, ಉಡುಪಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ಊಟ ಮಾಡುತ್ತಿದ್ದೆನಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೋದರಮಾವನೊಡನೆ ಕಾಪುವಿಗೆ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಉಡುಪಿ ಪೇಟೆಯಲ್ಲಿ ಮಲ್ಲಿಗೆ ಕೊಂಡು, ಬಸ್ಸಿನಲ್ಲಿ ಆ ಬಾಳೆಲೆಯ ಕಟ್ಟನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ಹುಡುಗಿಗೆ ಮಣಿಪಾಲದ ಬ್ಯಾಂಕೊಂದರಲ್ಲಿ ಕೆಲಸ. ಬಾಗಿಲ ಮರೆಯಲ್ಲಿ ನಿಲ್ಲದೆ ನೇರವಾಗಿ ಬಂದು ನನ್ನೆದುರು ಕುರ್ಚಿಯಲ್ಲಿ ಕುಳಿತಳು. ಪಕ್ಕದಲ್ಲಿ ಅವಳ ಅಜ್ಜಿ.

"ಎಂತ ಕಲಿಸುವುದು ನೀವು?" ಎಂದು ಅವಳೇ ವಿಚಾರಣೆ ಆರಂಭಿಸಿದಳು. ಕೇಳಿದ ಆ ರೀತಿಗೇ ನಾನು ಒಪ್ಪಿಬಿಟ್ಟೆ. ಇನ್ನು ಅವಳು ಒಪ್ಪುವುದೊಂದೇ ಬಾಕಿ.

"ಸದ್ಯಕ್ಕೆ ದುಂಬಿಗಳು," ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು.

ದುಂಬಿ ಕುಲದ ವಿವಾಹಪದ್ಧತಿ ಬಹಳ ಗಂಭೀರವಾದದ್ದು. ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನೇ ನೋಡಿ. ಗಂಡುಗಳು ಕೊಂಬಿನಲ್ಲಿ ಗುದ್ದಾಡುತ್ತವೆ, ಗೆದ್ದವನಿಗೆ ಹೆಣ್ಣು. ಆದರೆ ಕಾಳು ಕೊರೆಯುವ ಕೆಲವು ದುಂಬಿಗಳಲ್ಲಿ ಲೋಕವೇ ತಲೆಕೆಳಗು. ಒಣಕಾಳಿನ ನಡುವೆ ನೀರೆಲ್ಲಿಂದ ಬರಬೇಕು? ಕೂಡುವಾಗ ಗಂಡೇ ತನ್ನ ಮೈಯ ನೀರನ್ನು ಧಾರೆಯೆರೆಯುತ್ತದೆ. ಹಾಗಾಗಿ ಹೆಣ್ಣುಗಳು ಗಂಡಿನ ಬೆನ್ನು ಹತ್ತುತ್ತವೆ. ಗಂಡು ಕುಳಿತಲ್ಲೇ, ಯಾವ ಹೆಣ್ಣಾದೀತು ಎಂದು ಯೋಚಿಸುತ್ತದೆ. ಇಷ್ಟನ್ನೂ ಶಿಷ್ಟ ಪದಗಳಲ್ಲೇ ವಿವರಿಸಿದೆ. ಮಾವ ನನ್ನ ಕಾಲು ತುಳಿದರು.

"ಅಂದರೆ ಕೊಡುವವನಿಗೆ ಬೆಲೆ," ಎಂದರು ಅಜ್ಜಿ. "ನೀವು ಎಂತ ತಂದದ್ದು ಮಾರಾಯ್ರೆ?"

ಮಲ್ಲಿಗೆ ಒಪ್ಪಿಸಿದೆ. ಅಜ್ಜಿ ಎಲೆ ಬಿಡಿಸಿ, ಬಾಳೆನಾರಿನ ಗಂಟನ್ನು ಬೆರಳಿನಲ್ಲಿ ತಡವಿ, ಬೊಚ್ಚುಬಾಯಿ ತೆರೆದು ನಗತೊಡಗಿದರು.

"ಇದು ನಾನೇ ಕಟ್ಟಿದ್ದು! ಬೆಳಿಗ್ಗೆ ನಮ್ಮ ಹಿತ್ತಿಲಿನಿಂದ ಉಡುಪಿಗೆ ಹೋದದ್ದು!"

ಉಡುಪಿಯ ಮಲ್ಲಿಗೆ ಕಾಪುವಿನ ಸುತ್ತಿನ ಹಿತ್ತಿಲುಗಳಿಂದಲೇ ಬರುವುದೆಂದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಉಡುಗೊರೆಯೆಂದು ಖಾಲಿ ಪೊಟ್ಟಣ ಕೊಟ್ಟು ಹೆಣ್ಣನ್ನು ವಂಚಿಸುವ ಗಂಡು ಕೀಟಗಳುಂಟು. ಹೆಣ್ಣಿನ ಸೊತ್ತನ್ನೇ ದುಡ್ಡು ಕೊಟ್ಟು ಕೊಂಡು ಅವಳಿಗೇ ಒಪ್ಪಿಸುವ ಗಂಡನ್ನು ಮಾತ್ರ ನಾನು ಯಾವ ಶಾಸ್ತ್ರದಲ್ಲೂ ಓದಿಲ್ಲ. ಸಂಬಂಧ ಕೈತಪ್ಪಿತೆಂದು ಚಪ್ಪಲಿಗಾಗಿ ಕಣ್ಣಾಡಿಸಿದೆ.

ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿದಳು. "ಇವರಿಗೆ ಮೋಸ ಮಾಡ್ಲಿಕ್ಕೆ ಬರುವುದಿಲ್ಲ ಅಜ್ಜಿ. ಅಷ್ಟು ಸಾಕು, ಅಲ್ವಾ?"

ಹೊರಡುವಾಗ ಮಾವ ಅಂಗಳದಲ್ಲಿ ನಿಂತು ಮೀಸೆ ತೀಡುತ್ತಾ, "ಹುಡುಗಿ ನಮಗೆ ಹಿಡಿಸಿದಳು" ಎಂದು ದೊಡ್ಡ ಮನಸ್ಸಿನಿಂದ ಘೋಷಿಸಿದರು. ಅಜ್ಜಿ ವಿನಯದಿಂದ ಕೈಮುಗಿದರು. ಗಂಡುಜಾತಿಗೆ ಅಷ್ಟಾದರೂ ಸಮಾಧಾನ ಬೇಡವೇ? ನಾನು ತಿದ್ದಲು ಹೋಗಲಿಲ್ಲ.