ಅಕ್ಕನ ಪುಸ್ತಕ ಮಾರಿದ ಬೇಸಿಗೆ

ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ಏನನ್ನೇ ಮಾರಬೇಕಾದರೂ ಗಂಟಲೇ ಬಂಡವಾಳವಾಗಿದ್ದ ಕಾಲ ಅದು. ಸೊಪ್ಪಿನವಳು, ಉಪ್ಪಿನ ಗಾಡಿಯವನು, ಕಲಾಯಿಯವನು, ಎಲ್ಲರಿಗೂ ಒಂದೊಂದು ಕೂಗು. ಆ ಕೂಗುಗಳನ್ನೆಲ್ಲ ನಾನು ಅವರಿಗಿಂತ ಚೆನ್ನಾಗಿ ಕೂಗುತ್ತಿದ್ದೆ. ಕುಂಟಬಿಲ್ಲೆ ಆಡುತ್ತ ಒಮ್ಮೆ ಕೂಗಿದೆನೆಂದರೆ ಹೆಂಗಸರು ಚೀಲ ಹಿಡಿದು ಹೊರಗೆ ಬರುವರು. ಗಾಡಿಯಿಲ್ಲದ ಬೀದಿ ನೋಡಿ, "ಈ ಗಿರ್ಜಿ ಬಾಯಾಗ ಮಣ್ಣು ಬೀಳ!" ಎಂದು ಬೈದು ಒಳಗೆ ಹೋಗುವರು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಓದು ಹತ್ತಲಿಲ್ಲ, ಮಾತು ಹತ್ತಿತು.

ಅಕ್ಕ ಹಾಗಲ್ಲ, ಮಾತು ಕಡಿಮೆ. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ನಳದ ಹತ್ತಿರ ಓಣಿಯ ಹೆಂಗಸರು ಆಡಿದ್ದನ್ನೆಲ್ಲ ಕಥೆಯಾಗಿ ಬರೆಯುತ್ತಿದ್ದಳು. ಅಚ್ಚು ಹಾಕುವವರು ಯಾರೂ ಸಿಗದೆ, ನಾನು ಶಾಲೆ ಬಿಟ್ಟ ಬೇಸಿಗೆಯಲ್ಲಿ ತಾನೇ ಪುಸ್ತಕ ಮಾಡಿಸಿದಳು. ಕಟ್ಟುಗಳನ್ನು ಆಟೋದಲ್ಲಿ ತಂದು ಮಂಚದ ಕೆಳಗೆ ಪೇರಿಸಿದ ದಿನ ಮನೆ ತುಂಬ ಮಸಿಯ ವಾಸನೆ, ಅಂಟಿನ ವಾಸನೆ. ಅದರ ನಡುವೆ ಅವ್ವ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದ್ದಳು.

"ಎಣ್ಣಿ ಕೈ ಹಚ್ಚಬ್ಯಾಡ್ರಿ ನನ್ನ ಕೂಸಿಗೆ" ಎಂದು ಅಕ್ಕ ನಮ್ಮನ್ನು ದೂರ ಕೂಡಿಸಿದಳು.

ಮುಂದಿನ ರಟ್ಟಿನ ಮೇಲೆ ದೀಪ ಹಿಡಿದ ಒಬ್ಬ ಹೆಂಗಸು. ಹಿಂದಿನ ರಟ್ಟಿನ ಮೇಲೆ ನಮ್ಮ ಮನೆಯ ವಿಳಾಸ, ಅದರ ಕೆಳಗೆ 'ಓದಿ ಏನನ್ನಿಸಿತು, ಒಂದು ಕಾರ್ಡು ಬರೆಯಿರಿ' ಎಂಬ ಸಾಲು. ಅಕ್ಕನಿಗೆ ಬೇಕಿದ್ದದ್ದು ಅದೊಂದೇ. ಗುರುತು ಪರಿಚಯ ಇಲ್ಲದ ಯಾರಾದರೂ ಒಬ್ಬರು ಓದಿ ಬರೆದ ಕಾರ್ಡು.

ಮಾರುವುದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯವನು ಒಂದಿಷ್ಟು ದಿನ ತೂಗುಹಾಕಿ ಧೂಳಿನ ಸಮೇತ ವಾಪಸ್ ಕೊಟ್ಟ. ಸಂತೆಯಲ್ಲಿ ಚಾದರ ಹಾಸಿ ಕೂತರೆ, ಬಂದವರಿಗೆಲ್ಲ "ಓದಿ ನೋಡ್ರಿ, ಹಿಡಿಸಿದ್ರ ತಗೊಳ್ರಿ" ಎನ್ನುತ್ತಿದ್ದಳು. ಅವರು ನೆರಳಿಗೆ ನಿಂತು ನಾಲ್ಕು ಹಾಳೆ ತಿರುವಿ, ಇಟ್ಟು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

"ಯಕ್ಕಾ, ಹಿಂಗ ಮಾರಿದ್ರ ನಿನಗ ಮೊಮ್ಮಕ್ಳಾದ್ರೂ ಇವು ಮಂಚದ ಕೆಳಗೇ ಇರ್ತಾವು. ನನ್ನ ಕೈಗೆ ಕೊಡು."

"ನೀ ಏನಂತ ಮಾರ್ತೀಲೇ?"

"ಅದು ನಂಗ ಬಿಡು."

ಮೆಟ್ರಿ ಎಂಬ ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಒಂದು ಕಟ್ಟು ಬಸ್ಸಿಗೆ ಹಾಕಿಕೊಂಡು ಹೋದೆ. ಬೇವಿನ ಮರದ ಕೆಳಗೆ ಹೆಂಗಸರು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಘಾಟಿಗೆ ಸೀನುತ್ತಲೇ ಕೂಗಿದೆ. ಬಸಮ್ಮ ಎಂಬ ಮುದುಕಿ ದೀಪದ ಹೆಂಗಸನ್ನು ನೋಡಿ, "ಇದ್ಯಾವ ದೇವಿ ಪುಸ್ತಕ ಬೇ?" ಎಂದಳು.

ಅಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ಭಾಳ ಶಕ್ತಿ ಇರೋ ದೇವಿ ಬೇ. ಮನ್ಯಾಗ ಇಟ್ರ ಸಾಕು, ಎಲ್ಲಾ ಛಲೋ ಆಕ್ಕತಿ."

"ನನಗ ಓದಾಕ ಬರಂಗಿಲ್ಲಲ್ಲವಾ."

"ಓದೋದೇನ್ ಬ್ಯಾಡ. ದೇವ್ರ ಜಗಲಿ ಮ್ಯಾಲಿಟ್ಟು ಊದಿನಕಡ್ಡಿ ಬೆಳಗು."

ಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನೋಡಿದವರೆಲ್ಲ ಮೆಣಸಿನಕಾಯಿ ಬಿಟ್ಟು ಎದ್ದರು. ಸಂಜೆಯೊಳಗೆ ಕಟ್ಟು ಖಾಲಿ. ಉಳಿದವೂ ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಅದೇ ಮಾತಿಗೆ ಹೋದವು. ಅಕ್ಕ ತನಗೆಂದು ಇಟ್ಟುಕೊಂಡಿದ್ದ ಪ್ರತಿಯನ್ನೂ ಬಿಡಲಿಲ್ಲ ನಾನು.

"ಏನಂದ್ರಲೇ ಮಂದಿ?" ಅಕ್ಕ ಖಾಲಿ ಚೀಲ ತಿರುವಿ ತಿರುವಿ ನೋಡಿದಳು.

"ಓದಾಕ ನಾ ಮುಂದು ತಾ ಮುಂದು ಅಂತ ಬಿದ್ರು!"

ಅವತ್ತಿನಿಂದ ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಅಕ್ಕ ಬಾಗಿಲಲ್ಲಿ. ಮಳೆ ಹಿಡಿಯಿತು, ಶ್ರಾವಣ ಬಂತು, ಕಾರ್ಡು ಬರಲಿಲ್ಲ. ಕೊನೆಗೆ, "ನಾನೇ ಹೋಗಿ ಕೇಳ್ತೀನಿ" ಎಂದು ಹೊರಟಳು. ಹೊಟ್ಟೆನೋವು ಎಂದೆ. ಮೆಟ್ರಿಗೆ ಎಳೆದುಕೊಂಡೇ ಹೋದಳು.

ಬಸಮ್ಮನ ಮನೆಯ ದೇವರ ಜಗಲಿ ಮೇಲೆ ಅಕ್ಕನ ಪುಸ್ತಕ ಇತ್ತು. ರಟ್ಟಿಗೆ ವಿಭೂತಿಯ ಪಟ್ಟೆ, ಅದರ ಮೇಲೊಂದು ದಾಸವಾಳ.

"ಓದಿದ್ರೇನ್ರೀ?" ಅಕ್ಕ ಕೇಳಿದಳು.

"ಅಯ್ಯ, ದೇವ್ರನ್ನ ಓದ್ತಾರೇನವಾ! ಸೊಸಿ ಸಾಲಿ ಕಲ್ತಾಕಿ, ಬಿಚ್ಚಾಕ ಹೋಗಿದ್ಲು. ಬೈದು ಕೈ ಬಿಡಿಸಿದ್ನಿ."

ಅಕ್ಕ ಕೈ ಚಾಚಿದಳು. ಬಸಮ್ಮ ತಡೆದಳು. "ಮಡಿ ಇಲ್ದ ಮುಟ್ಟಬಾರ್ದು ತಾಯಿ."

ಇದು ತಾನು ಬರೆದದ್ದು ಎಂದು ಅಕ್ಕ ಹೇಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಬಸಮ್ಮ ಕೊಟ್ಟ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಕೇಳಿದಳು:

"ಅದ್ರಾಗ ನಿಂದೂ ಒಂದು ಕಥಿ ಐತಿ. ಓದೀಯೇನ್?"

"ಹೂಂ. ಮಸ್ತ್ ಐತಿ."

"ಏನಂತ ಬರ್ದೀನಿ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಊರು ತುಂಬ ಮಾರಿದವಳು ನಾನು, ಒಂದು ಹಾಳೆಯನ್ನೂ ತೆರೆದಿರಲಿಲ್ಲ. ಅಕ್ಕ ಮತ್ತೆ ಕೇಳಲಿಲ್ಲ. ಆಮೇಲೆ ಬರೆಯಲೂ ಇಲ್ಲ.

ಈಗ ನನ್ನದೇ ಪ್ರಚಾರದ ಆಟೋ ಇದೆ. ತಾವೇ ಪುಸ್ತಕ ಅಚ್ಚು ಹಾಕಿಸಿದವರು ಹೊಸಪೇಟೆಯಲ್ಲಿ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಮೈಕಿನಲ್ಲಿ ಕೂಗುತ್ತೇನೆ, ಫೋನಿನಲ್ಲಿ ವಿಡಿಯೋ ಹಾಕುತ್ತೇನೆ. ನನ್ನ ಕೈಗೆ ಬಂದ ಪುಸ್ತಕ ಮಾರಾಟವಾಗದೆ ಉಳಿಯುವುದಿಲ್ಲ. ಆದರೆ ಪೂರ್ತಿ ಓದದೆ ಬಾಯಿ ತೆರೆಯುವುದಿಲ್ಲ. ಬೆರಳಿಟ್ಟು ಓದುತ್ತೇನೆ, ತಡವಾಗುತ್ತದೆ. ಕಾಯಲಾಗದವರು ಬೇರೆಯವರ ಹತ್ತಿರ ಹೋಗಲಿ.

ಅಕ್ಕನದೊಂದು ಪ್ರತಿ ಸಿಗಬಹುದೆಂದು ಈಚೆಗೆ ಮೆಟ್ರಿಗೆ ಹೋಗಿದ್ದೆ. ಬಸಮ್ಮ ಈಗಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗ, ಹಳೆಯ ದೇವರ ಪಟಗಳ ಜೊತೆ ಪುಸ್ತಕವನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಕಾಲುವೆಗೆ ಬಿಟ್ಟರಂತೆ. "ಹೂವು ಏರಿಸಿ, ಕೈ ಮುಗುದೇ ಬಿಟ್ಟೀವ್ರಿ" ಎಂದಳು ಸೊಸೆ. ಕೇಳಿದ ಮನೆಗಳಲ್ಲೆಲ್ಲ ಅದೇ ಮಾತು.

ಅಕ್ಕ ಈಗ ಸಂಡೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮೆಟ್ರಿಯಿಂದ ಬಂದ ದಿನವೇ ಅವಳಿಗೆ ಫೋನು ಹಚ್ಚಿ ಕೇಳಿದೆ. "ಯಕ್ಕಾ, ನನ್ನ ಕಥ್ಯಾಗ ಏನ್ ಬರ್ದಿದ್ದಿ?"



"ಛಲೋನೇ ಬರ್ದಿದ್ನಿ ಬಿಡು" ಎಂದು, ಒಲೆಯ ಮೇಲೆ ಹಾಲಿದೆ ಎಂದು ಫೋನಿಟ್ಟಳು.