ಹೊಲಿಗೆ ಮಿಷನ್ ನಿಂತರೆ ಪಾಠ ಬಂದಿಲ್ಲ ಎಂದೇ ಅರ್ಥ

ಸೈನ್ಸಿನಲ್ಲಿ ಇಪ್ಪತ್ತೈದಕ್ಕೆ ಆರು!

ಏಳನೇ ಕ್ಲಾಸಿನ ನನ್ನ ಮಗಳು ಶ್ರದ್ಧಾ ಪೇಪರನ್ನು ನನ್ನ ಕೈಗಿಟ್ಟು, "ನಾ ದಡ್ಡಿ ಅದೀನಿ ಮಮ್ಮಿ, ಬಿಟ್ಟಬಿಡು" ಎಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ತೀರ್ಮಾನ ಮಾಡಿ ಮುಗಿಸಿದವಳ ಹಾಗೆ ಹೇಳಿದಳು.

ಏನು ಕಮ್ಮಿ ಮಾಡಿದ್ದೆ, ನೀವೇ ಹೇಳಿ? ಸ್ಟಡಿ ಟೇಬಲ್ಲು, ನಾಲ್ಕು ಬಣ್ಣದ ಹೈಲೈಟರು, ಗೋಡೆ ಮೇಲೆ ಟೈಮ್‌ಟೇಬಲ್ಲು. ಸಾಲದ್ದಕ್ಕೆ ದಿನಾ ಸಂಜೆ ಬಿಎಸ್ಸಿ ಓದಿದ ಮಮ್ಮಿಯ ಪಾಠ ಬೇರೆ. (ಆ ಮಮ್ಮಿ ನಾನೇ.) ಇನ್ನು ಹತ್ತು ದಿನಕ್ಕೆ ಮತ್ತೆ ಟೆಸ್ಟ್ ಅಂತೆ.

ಅದೇ ಕ್ಲಾಸಿನ ಸಾನಿಕಾಗೆ ಇಪ್ಪತ್ನಾಲ್ಕು. ಭೋಜ ಎಂಬ ಹಳ್ಳಿಯಿಂದ ನಮ್ಮ ನಿಪ್ಪಾಣಿಯ ಶಾಲೆಗೆ ಬಸ್ಸಿನಲ್ಲಿ ಬರುವ ಹುಡುಗಿ. ಟ್ಯೂಷನ್ ಇಲ್ಲ. ತಾಯಿ ಸುನೀತಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮರಾಠಿ ಶಾಲೆ ಕಲಿತವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಹಾಗಾದರೆ ಆ ಹುಡುಗಿಗೆ ಕಲಿಸುವವರು ಯಾರು? ತಡೆಯಲಾಗಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಬ್ಲೌಸ್ ಪೀಸ್ ಹಿಡಿದು, ಶ್ರದ್ಧಾಳನ್ನೂ ಕರೆದುಕೊಂಡು ಭೋಜಕ್ಕೆ ಹೋದೆ. (ಪತ್ತೇದಾರಿಕೆಗೆ ನೆಪ ಬೇಕಲ್ಲ!)

"ಬರ್ರಿ ಬರ್ರಿ, ಕುಂದರ್ರಿ. ಇಕೀದು ಪಾಠ ನಡದೈತಿ" ಎಂದರು ಸುನೀತಾ, ಮಿಷನ್ ತುಳಿಯುತ್ತಲೇ. ಎದುರಿಗೆ ಕೂತ ಸಾನಿಕಾ ಕನ್ನಡ ಪುಸ್ತಕ ಮುಚ್ಚಿಟ್ಟು, ಗಿಡಗಳು ಆಹಾರ ತಯಾರಿಸುವ ಪಾಠವನ್ನು ತಾಯಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು. ಎಲೆ, ಬಿಸಿಲು, ನೀರು, ಗಾಳಿ... ಮಿಷನ್ ಟಕಟಕ ಓಡುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು.

"ಕಳಲಂ ನಾಹೀ." ತಿಳಿಯಲಿಲ್ಲ ಎಂದರು ಸುನೀತಾ. ಆಮೇಲೆ ನನಗೂ ಗೊತ್ತಾಗಲೆಂದು ಕನ್ನಡದಲ್ಲಿ ಕೇಳಿದರು: "ಬಿಸಿಲಿಲ್ಲದ ಅಡಗಿ ಆಗೂದಿಲ್ಲಂದ್ರ, ರಾತ್ರಿ ಗಿಡಾ ಉಪಾಸ ಇರತಾವೇನು?"

ಅರೆ, ಎಂಥಾ ಪ್ರಶ್ನೆ! ನನಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದೇಬಿಟ್ಟೆ. ಅವರು ಕೈ ಅಡ್ಡ ಹಿಡಿದರು.

"ನೀವ್ ಹೇಳಬ್ಯಾಡ್ರಿ ಬಾಯಾರ. ಅಕಿ ಹುಡಕ್ತಾಳ."

ಸಾನಿಕಾ ಪುಸ್ತಕ ತೆರೆದಳು. ಐದು ನಿಮಿಷ ತಡಕಾಡಿ, ಹಗಲು ಮಾಡಿದ್ದನ್ನು ಗಿಡ ಪಿಷ್ಟವಾಗಿ ಕೂಡಿಡುತ್ತದೆ ಎಂದು ಹೇಳಿದಳು. ಮಿಷನ್ ಮತ್ತೆ ಓಡಿತು. ಪುಸ್ತಕದಲ್ಲೂ ಉತ್ತರ ಸಿಗದಿದ್ದರೆ? ಪ್ರಶ್ನೆಯನ್ನು ಟೇಲರ್ ಚಾಕಿನಿಂದ ನೆಲದ ಕಲ್ಲಿನ ಮೇಲೆ ಬರೆಯುತ್ತಾಳೆ. ಶಾಲೆಯಲ್ಲಿ ಸರ್‌ಗೆ ಕೇಳಿ ಬಂದಮೇಲೆಯೇ ಒರೆಸುವುದು. ಅಲ್ಲಿಯವರೆಗೆ ಆ ಕಲ್ಲಿನ ಮೇಲೆ ಯಾರೂ ಕಾಲಿಡುವಂತಿಲ್ಲ. ಭೇಷ್ ಅನ್ನದೆ ಏನನ್ನಲಿ? ಸತ್ಯ ಹೇಳುತ್ತೇನೆ, ಆ ತಾಯಿಗೆ ಕೈ ಮುಗಿಯಬೇಕು ಅನ್ನಿಸಿತು.

ಮನೆಗೆ ಬಂದವಳೇ ನಾನೂ ಶುರು ಮಾಡಿದೆ. "ನನಗೂ ಹಂಗ ಹೇಳು, ನೋಡೂಣು."

ಶ್ರದ್ಧಾ ಒಂದು ವಾಕ್ಯ ಹೇಳಿದಳು. ತಿದ್ದಿದೆ. ಎರಡನೆಯದು ಅರ್ಧಕ್ಕೆ ಬಂದಾಗ ನಾನೇ ಪೂರ್ತಿ ಮಾಡಿದೆ. ಮೂರನೆಯದು ಬರಲೇ ಇಲ್ಲ.

"ನಿನಗ ಎಲ್ಲಾ ಗೊತ್ತೈತಿ ಮಮ್ಮಿ. ನಿನಗೇನ್ ಹೇಳ್ಲಿ?"

ಕಪಾಳಕ್ಕೆ ಹೊಡೆದಂತಾಯಿತು. ಸುನೀತಾಗೆ ಫೋನ್ ಮಾಡಿದೆ. "ಕಳಸ್ರಿ, ಅದಕ್ಕೇನಾತು? ನಾನೂ ಕಲೀತೀನಿ" ಎಂದು ನಕ್ಕರು. ಮುಂದಿನ ವಾರವೆಲ್ಲ ಶಾಲೆ ಬಿಟ್ಟ ಕೂಡಲೇ ಶ್ರದ್ಧಾ ಗೆಳತಿಯ ಜೊತೆ ಭೋಜದ ಬಸ್ಸು ಹತ್ತಿದಳು. ಕರೆದುಕೊಂಡು ಬರಲು ಹೋದಾಗ ಒಮ್ಮೆ ಹೊರಗೇ ನಿಂತು ಕೇಳಿಸಿಕೊಂಡೆ. ಅರ್ಧ ಕನ್ನಡ, ಅರ್ಧ ಮರಾಠಿ, ಒಂದೇ ಸಮ ನನ್ನ ಮಗಳ ದನಿ. ಮಿಷನ್ ಮೂರು ಸಲ ನಿಂತಿತು. ಮೂರು ಸಲವೂ ಅವಳೇ ಹುಡುಕಿ ಹೇಳಿದಳು. ತಿದ್ದಲು ನನ್ನ ನಾಲಿಗೆ ತುರಿಸಿತು. ಗಟ್ಟಿಯಾಗಿ ಕಚ್ಚಿಕೊಂಡು ನಿಂತೆ.

ಟೆಸ್ಟಿನಲ್ಲಿ ಹದಿನೇಳು ಬಂತು. ಆದರೆ ಅವಳು ಕುಣಿದದ್ದು ಅದಕ್ಕಲ್ಲ. "ಮಮ್ಮಿ, ಆಂಟೀಗಿ ತಿಳಿಯೂಹಂಗ ನಾ ಹೇಳಿದ್ನಿ! ನಾ!"

ಇಷ್ಟು ವರ್ಷ ದಿನಾ ಸಂಜೆ ನಾನು ಮಗಳಿಗೆ ಕಲಿಸುತ್ತಿದ್ದೆನೋ, ನನಗೆಷ್ಟು ಗೊತ್ತು ಅಂತ ತೋರಿಸುತ್ತಿದ್ದೆನೋ?