ಹುಣಸೆಮರದ ಕಡೆಯಿಂದ ನೋಡಿದ ಗೋಲು

ಟೈಲರ್ ಅಂಗಡಿಯ ಮುಂದಿನ ಕಲ್ಲು ಚಪ್ಪಡಿಯ ಮೇಲೆ ಕೂತು ನಾವು ನಾಲ್ಕು ಜನ ಒಂದೇ ಗೋಲಿನ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡೆವು. ಆ ಗೋಲು ಬಿದ್ದ ಕಾಲದಲ್ಲಿ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅರವತ್ತರ ದಶಕದಲ್ಲಿ ನಾವು ಅದನ್ನು ಹೇಳಿಕೊಳ್ಳುವ ಹೊತ್ತಿಗೆ ಆಡುತ್ತಿದ್ದ ಮೈದಾನವೇ ಸೈಟುಗಳಾಗಿ, ಆಮೇಲೆ ಮನೆಗಳಾಗಿ, ನಮ್ಮ ಗೋಲ್‌ಕೀಪರ್ ನಿಲ್ಲುತ್ತಿದ್ದ ಜಾಗದಲ್ಲಿ ಯಾರದೋ ತುಳಸಿಕಟ್ಟೆ ಎದ್ದಿತ್ತು. ಮೈದಾನ ಹೋದ ಮೇಲೆ ನಮ್ಮ ಫುಟ್‌ಬಾಲ್ ಕ್ಲಬ್ಬೂ ಹೋಯಿತು. ಆಟಗಾರರು ಕಾರ್ಖಾನೆಯ ತಂಡಗಳಿಗೆ, ಊರುಗಳಿಗೆ, ಸಂಸಾರಗಳಿಗೆ ಚೆದುರಿದರು. ಉಳಿದದ್ದು ನಾವು ಮತ್ತು ನಮ್ಮ ಬಾಯಿ.

ನಮ್ಮಲ್ಲಿ ಹಿರಿಯರು ಟೈಲರ್. ಅವರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದೆವು. ಎರಡನೆಯವನು ಸಿಟಿ ಬಸ್ಸಿನ ಕಂಡಕ್ಟರ್. ಮೂರನೆಯವನು ಬೈರಸಂದ್ರದ ಸೊಪ್ಪಿನವನು. ಆ ಮೈದಾನ ಒಂದು ಕಾಲದಲ್ಲಿ ಅವನ ತಾತನ ರಾಗಿ ಹೊಲವಾಗಿತ್ತು. ನಾಲ್ಕನೆಯವನು ನಾನು, ಸರ್ಕಾರಿ ಕಚೇರಿಯ ಟೈಪಿಸ್ಟು. ಸಂಜೆ ಎರಡು ಬೈಟೂ ಕಾಫಿ ಬರುತ್ತಿದ್ದಂತೆ ಯಾರಾದರೊಬ್ಬರು ಶುರುಮಾಡುತ್ತಿದ್ದರು. ನಮ್ಮ ಗೋಲ್‌ಕೀಪರ್ ಮಿಲ್ಲಿನ ಕೆಲಸಗಾರ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಹಾರುತ್ತಿದ್ದ, ಚೆಂಡು ಕೈಗೆ ಸಿಕ್ಕ ಮೇಲೆಯೇ ಉಗಿಯುತ್ತಿದ್ದ. ಲೆಫ್ಟ್ ಔಟ್ ಬನಶಂಕರಿ ಗುಡಿಯ ಕಡೆಯಿಂದ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನಲ್ಲಿ ಬರುತ್ತಿದ್ದ. ಖಾಲಿ ಕ್ಯಾನುಗಳನ್ನು ಬೇಲಿಗೆ ಒರಗಿಸಿ ಬರಿಗಾಲಲ್ಲಿ ಮೈದಾನಕ್ಕಿಳಿದರೆ ಬೂಟಿನವರು ಅವನ ಬೆನ್ನು ನೋಡುತ್ತಾ ನಿಲ್ಲಬೇಕು. ಕೊನೆಗೆ ಮಾತು ಬಂದು ನಿಲ್ಲುತ್ತಿದ್ದದ್ದು ಸೆಂಟರ್ ಫಾರ್ವರ್ಡ್ ಹತ್ತಿರ, ಆ ಗೋಲಿನ ಹತ್ತಿರ.

ಅದನ್ನು ಹೇಳುವುದಕ್ಕೆ ಯಜಮಾನ್ರು ಒಂದು ಕಟ್ಟಳೆ ಮಾಡಿದ್ದರು. ಅವತ್ತು ಎಲ್ಲಿ ನಿಂತಿದ್ದೆಯೋ ಅಲ್ಲಿಂದ ಕಂಡದ್ದನ್ನು ಮಾತ್ರ ಹೇಳಬೇಕು. ಕೇಳಿದ್ದು, ಓದಿದ್ದು, ಪಕ್ಕದವನು ಹೇಳಿದ್ದು ಸೇರಿಸಕೂಡದು. ಅವರು ನಡುಗೆರೆಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದವರು, ಅಲ್ಲಿಂದ ಹೇಳುತ್ತಿದ್ದರು. ಸೊಪ್ಪಿನವನು ಗೋಲಿನ ಹಿಂದೆ ಬುಟ್ಟಿ ಇಳಿಸಿ ನಿಂತಿದ್ದವನು. ಕಂಡಕ್ಟರು ರಸ್ತೆಯ ಕಡೆ. ನನ್ನದು ಎದುರು ಬದಿಯ ಹುಣಸೆಮರದ ಬುಡ. ನಾಲ್ಕು ದಿಕ್ಕಿನಿಂದ ಹೇಳಿ ಮುಗಿಸುವ ಹೊತ್ತಿಗೆ ಮನೆ, ಕಾಂಪೌಂಡು, ತುಳಸಿಕಟ್ಟೆ ಎಲ್ಲ ಮಾಯವಾಗಿ ಮೈದಾನ ಮತ್ತೆ ಕಣ್ಣಮುಂದೆ ಹರಡಿಕೊಳ್ಳುತ್ತಿತ್ತು.

ನಡೆದದ್ದು ಇಷ್ಟು. ಶೀಲ್ಡಿನ ಫೈನಲ್. ಎರಡೂ ಕಡೆ ಒಂದೊಂದು ಗೋಲು, ಕೊನೆಯ ಐದು ನಿಮಿಷ. ನಮ್ಮ ಸೆಂಟರ್ ಫಾರ್ವರ್ಡ್ ಚೆಂಡು ತೆಗೆದುಕೊಂಡು ನುಗ್ಗಿದ್ದಾನೆ. ಡ್ಯೂಟಿಯಿಂದ ನೇರವಾಗಿ ಖಾಕಿಯಲ್ಲೇ ಬಂದಿದ್ದ ನಮ್ಮ ಕಂಡಕ್ಟರ್ ಮಹಾಶಯ, ಉದ್ವೇಗದಲ್ಲಿ ಬಾಯಲ್ಲಿ ಏನಿದೆ ಎಂಬುದನ್ನು ಮರೆತು, ತನ್ನ ಬಸ್ಸಿನ ಸೀಟಿಯನ್ನು ಜೋರಾಗಿ ಊದಿಬಿಟ್ಟ. ರೆಫರಿ ಸೀಟಿ ಎಂದುಕೊಂಡು ಎಲ್ಲರೂ ನಿಂತರು. ಎದುರಾಳಿ ತಂಡದ ಬ್ಯಾಕ್ ಬೂಟಿನ ಲೇಸು ಕಟ್ಟಲು ಬಗ್ಗಿದ. ನಮ್ಮ ಸೆಂಟರ್ ಫಾರ್ವರ್ಡ್ ಒಬ್ಬನೇ ಓಡಿಹೋಗಿ ಚೆಂಡನ್ನು ಬಲೆಗೆ ಹಾಕಿದ. ರೆಫರಿ ಗೋಲು ಕೊಟ್ಟರು. ಎದುರಾಳಿಗಳು ಮೈಮೇಲೆ ಬಿದ್ದು ಜಗಳಕ್ಕೆ ಬಂದರೂ ತೀರ್ಪು ಬದಲಿಸಲಿಲ್ಲ, ಶೀಲ್ಡು ನಮ್ಮದಾಯಿತು.

"ಸ್ಟಾಪ್ ಬಂತು ಅಂತ ಎಲ್ಲಾ ಇಳ್ದುಬಿಟ್ರು. ಅವನೊಬ್ಬ ಟಿಕೆಟ್ ತೊಗೊಂಡಿದ್ದು ಎಲ್ಲಿಗೋ ಅಲ್ಲಿಗೇ ಹೋದ" ಎಂದು ಯಜಮಾನ್ರು ಕಂಡಕ್ಟರನ್ನು ಕೆಣಕುತ್ತಿದ್ದರು.

"ಅವತ್ತು ಗೋಲ್ ಹೊಡ್ದಿದ್ದು ನನ್ನ ಸೀಟಿ ಗುರು" ಎಂದು ಕಂಡಕ್ಟರು ಎದೆಯುಬ್ಬಿಸುತ್ತಿದ್ದ.

ಎಷ್ಟು ಸಲ ಹೇಳಿದರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಇಪ್ಪತ್ತೊಂದು ಜನ ನಿಂತಾಗ ಅವನೊಬ್ಬನಿಗೆ ಅದು ರೆಫರಿಯ ಸೀಟಿಯಲ್ಲ ಎಂದು ಗೊತ್ತಾದದ್ದು ಹೇಗೆ? "ಕೆಳಗೆ ಸೂಜಿ ಬಿದ್ರೆ ಎಷ್ಟನೇ ನಂಬರ್ ಸೂಜಿ ಅಂತ ಹೇಳೋ ಕಿವಿ ಕಣ್ರೋ ಅದು" ಎನ್ನುತ್ತಿದ್ದರು ಯಜಮಾನ್ರು. ನಾವು ಮೂವರೂ ತಲೆಯಾಡಿಸುತ್ತಿದ್ದೆವು. ದೊಡ್ಡ ಆಟಗಾರನೆಂದರೆ ಅದೇ ತಾನೆ.

ಈಗ ನನ್ನ ಮರ್ಯಾದೆಯ ವಿಷಯಕ್ಕೆ ಬರುತ್ತೇನೆ. ಹುಣಸೆಮರದ ಬುಡದಲ್ಲಿ ನಾನು ನಿಂತಿರಲೇ ಇಲ್ಲ. ನಿಂತಿದ್ದವನು ನಮ್ಮಣ್ಣ.

ಆ ಭಾನುವಾರ ನನಗೆ ಟೈಪಿಂಗ್ ಪರೀಕ್ಷೆ. ಫೈನಲ್ ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಅಣ್ಣ ಜೋರು ಮಾಡುವವನಲ್ಲ. ಅಪ್ಪ ಹೋದಾಗ ಅವನಿಗೆ ಹದಿನಾರು. ಅಂದಿನಿಂದ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿ ನಮ್ಮನ್ನು ಸಾಕಿದವನು. ಅವನ ಗಂಟಲು ಬೀದಿಗೆ ಕೇಳಿದ್ದನ್ನು ನಾನು ಕಾಣೆ. "ಇವನು ಊಟಕ್ಕೆ ಬಿಟ್ಟು ಇನ್ನೇತಕ್ಕೂ ಬಾಯಿ ತೆಗೆಯಲ್ಲ" ಎಂದು ಅಮ್ಮ ಕೊರಗುತ್ತಿದ್ದಳು. ಅವತ್ತೂ ಮೆಲ್ಲಗೇ ಹೇಳಿದ: "ನೀನು ಹೋಗಿ ಪರೀಕ್ಷೆ ಬರಿ. ನಿನ್ನ ಬದಲು ನಾನು ನೋಡ್ಕೊಂಡ್ ಬರ್ತೀನಿ. ಒಂದೂ ಬಿಡದ ಹಾಗೆ ಹೇಳ್ತೀನಿ." ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಸೈಕಲ್ಲು ಹಿಡಿದುಕೊಂಡು, ಬೆವರಿ ನೀರಾಗಿ ಅವನು ನಿಂತಿದ್ದ. ಶೀಲ್ಡು ಕೊಡುವುದನ್ನೂ ನೋಡದೆ ಬಂದಿದ್ದ.

ಅವರೆಕಾಯಿ ಕಾಲ. ಮನೆಯಲ್ಲಿ ಅಮ್ಮ ಮೊರದ ತುಂಬ ಅವರೆಕಾಳು ಬಿಡಿಸುತ್ತಿದ್ದಳು. ಅಣ್ಣ ಮೊರವನ್ನು ಎಳೆದುಕೊಂಡು ಇಪ್ಪತ್ತೆರಡು ಕಾಳು ಬೇರೆ ಮಾಡಿ ಎರಡು ತಂಡ ಕಟ್ಟಿದ. ಮೊರದ ಅಂಚಿನಲ್ಲಿ ಒಂದು ಹುಳುಕು ಕಾಳು ಇಟ್ಟು, "ಇದು ನಾನು, ಹುಣಸೆಮರದ ಕೆಳಗೆ" ಎಂದ. ಆಮೇಲೆ ಪಿಸುಮಾತಿನಲ್ಲಿ ಇಡೀ ಆಟವನ್ನು ಆಡಿಸಿ ತೋರಿಸಿದ. ಸೀಟಿ ಕೇಳಿಸಿದಾಗ ರೆಫರಿಯ ಸೀಟಿ ಬಾಯಲ್ಲಿರದೆ ಕೈಯಲ್ಲಿತ್ತು ಎಂಬುದನ್ನೂ ಬಿಡಲಿಲ್ಲ. "ಎಲ್ಲರೂ ನಿಂತ್ರು. ಇವನೊಬ್ಬ ಹೋದ" ಎಂದು ಒಂದು ಕಾಳನ್ನು ಬೆರಳಿನಿಂದ ತಳ್ಳಿದ. "ಸಾರಿಗೆ ಹಾಕೋ ಕಾಳಲ್ಲಿ ಇದೇನೋ ನಿಮ್ಮಾಟ" ಎಂದು ಅಮ್ಮ ಮೊರ ಕಿತ್ತುಕೊಂಡಳು.

ಎರಡು ವರ್ಷದ ಮೇಲೆ ಅಣ್ಣ ಕಾಮಾಲೆ ಬಂದು ಎಂಟೇ ದಿನದಲ್ಲಿ ಹೋದ. ಅವನಿಗೆ ಮದುವೆಯೂ ಆಗಿರಲಿಲ್ಲ. ಅವನ ಎರಡು ಪ್ಯಾಂಟುಗಳನ್ನು ನನ್ನ ಅಳತೆಗೆ ಮಾಡಿಸಲು ಟೈಲರ್ ಅಂಗಡಿಗೆ ಹೋದವನು ಚಪ್ಪಡಿಯ ಮೇಲೆ ಕೂತೆ. ಕಂಡಕ್ಟರು ಆ ಗೋಲಿನ ಮಾತು ಎತ್ತಿದ. "ನೀವು ಅವತ್ತು ಎಲ್ಲಿ ನಿಂತಿದ್ರಿ?" ಎಂದು ಕೇಳಿದ. "ಹುಣಸೆಮರದ ಕೆಳಗೆ" ಎಂದುಬಿಟ್ಟೆ. ಯಾಕೆ ಹಾಗೆಂದೆನೋ, ಹೇಳಿದ್ದು ಹೇಳಿಯಾಗಿತ್ತು. ಅಣ್ಣನ ಮಾತುಗಳನ್ನೇ ಒಂದೊಂದಾಗಿ ಹೇಳುತ್ತಾ ಹೋದರೆ ಅವನು ಮೊರದ ಮುಂದೆ ಕೂತ ಹಾಗೇ ಆಗುತ್ತಿತ್ತು. ಅವನ ಸಾವಿಗೆ ಅಳಲು ನನಗೆ ಬರಲಿಲ್ಲ. ಬಂದದ್ದು ಇದೊಂದೇ. ಆ ಚಪ್ಪಡಿಯ ಮೇಲಿನ ಜಾಗ ಹೋದರೆ ಅಣ್ಣನೂ ಪೂರ್ತಿ ಹೋದ ಎಂಬ ಹೆದರಿಕೆಯಿಂದ ಎಂಟು ವರ್ಷ ಸುಳ್ಳಿಗೆ ನೀರೆರೆದೆ.

ಎಂಟನೆಯ ವರ್ಷ, ಒಂದು ಸಂಜೆ, ಖಾಕಿ ಬಟ್ಟೆಯ ತುಂಡು ಹಿಡಿದ ದಪ್ಪ ಮನುಷ್ಯ ಕುಂಟುತ್ತಾ ಅಂಗಡಿಗೆ ಬಂದ. ಮಗನಿಗೆ ಸ್ಕೂಲಿನ ಚಡ್ಡಿ ಹೊಲಿಸಬೇಕಾಗಿತ್ತು. ಕಂಡಕ್ಟರು ಅವನ ಮುಖವನ್ನೇ ನೋಡಿದ, ಕಾಫಿ ಲೋಟ ಕೆಳಗಿಟ್ಟ. "ಗುರುವೇ... ನೀವು ನಮ್ಮ ಸೆಂಟರ್ ಫಾರ್ವರ್ಡ್ ಅಲ್ವಾ?" ಎಂದ.

ಹೌದು, ಅವನೇ. ಕಾರ್ಖಾನೆಯ ತಂಡದಲ್ಲಿ ಆಡುವಾಗ ಮಂಡಿ ಮುರಿದು, ಆಟ ನಿಂತು, ಈಗ ಅದೇ ಕಾರ್ಖಾನೆಯ ಗೇಟಿನಲ್ಲಿ ಕೆಲಸ. ಆ ಕಾಲನ್ನು ಮಡಚಲಾಗದೆ ನೀಳವಾಗಿ ಚಾಚಿ ಕೂತ. ಆದರೂ ಯಜಮಾನ್ರು ಬಿಡುತ್ತಾರೆಯೇ? ಅವನ ಕೈಗೆ ಕಾಫಿ ಕೊಟ್ಟು, ಅವನ ಗೋಲನ್ನು ಅವನಿಗೇ ಒಪ್ಪಿಸಲು ಶುರುಮಾಡಿದರು. ನಡುಗೆರೆ ಮುಗಿಯಿತು, ಗೋಲಿನ ಹಿಂಬದಿ ಮುಗಿಯಿತು, ರಸ್ತೆಯ ಕಡೆಯ ಸೀಟಿಯೂ ಆಯಿತು. ನನ್ನ ಸರದಿ ಬಂತು. ಹೇಳಿದೆ. ನಾನು ಹೇಳುತ್ತಿರುವಷ್ಟು ಹೊತ್ತೂ ಅವನು ನನ್ನನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದ. "ಅಂಥ ಕಿವಿ ನಿಮ್ಮದು" ಎಂದು ಎಂದಿನಂತೆ ಮುಗಿಸಿದೆ.

"ಎಲ್ಲಿ ಕಿವಿ ಸಾರ್" ಎಂದ. "ಯಾರ ಸೀಟಿ ಅಂತ ನಂಗೇನ್ ಗೊತ್ತು? ಎಲ್ಲರ ಥರ ನಾನೂ ನಿಂತೇ ಬಿಟ್ಟಿದ್ದೆ. ಹುಣಸೆಮರದ ಕಡೆಯಿಂದ ಒಬ್ರು ಕೂಗಿದ್ರು. 'ಅದು ಬಸ್ ಸೀಟಿ ಕಣೋ! ಹೋಗು! ಹೊಡಿಯೋ!' ಅಂತ. ಆ ಗಲಾಟೆಲಿ ಬೇರೆ ಯಾರೂ ಗಮನಿಸ್ಲಿಲ್ಲ ಅನ್ಸುತ್ತೆ, ಅದನ್ನ ಕೇಳಿದ ಮೇಲೇ ನಾನು ಓಡಿದ್ದು. ಆಟ ಮುಗಿದ ಮೇಲೆ ಹುಡುಕಿಕೊಂಡು ಮರದ ಹತ್ರ ಹೋದೆ, ಯಾರೂ ಇರ್ಲಿಲ್ಲ. ಇಷ್ಟು ವರ್ಷ ಆದ್ಮೇಲೆ ಸಿಕ್ಕಿದ್ರಲ್ಲ ಸಾರ್. ನೀವೇ ತಾನೆ?"

ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣಿಗೆ ಒತ್ತಿಕೊಂಡ. ಅಲ್ಲ ಎಂದರೆ ಚಪ್ಪಡಿಯ ಮೇಲಿನ ಜಾಗ ಹೋಗುತ್ತದೆ. ಹೌದು ಎಂದರೆ, ಅಣ್ಣ ಆಯುಷ್ಯದಲ್ಲಿ ಒಂದೇ ಒಂದು ಸಲ ಕೂಗಿದ್ದೂ ನನ್ನ ಪಾಲಾಗುತ್ತದೆ. ನಾನು ಹೌದೂ ಎನ್ನಲಿಲ್ಲ, ಅಲ್ಲವೂ ಎನ್ನಲಿಲ್ಲ. ಅವನು ಅದನ್ನೇ ಹೌದು ಎಂದುಕೊಂಡು, ಕಣ್ಣೊರೆಸಿಕೊಂಡು, ಶನಿವಾರ ಬಂದು ಚಡ್ಡಿ ತೆಗೆದುಕೊಳ್ಳುತ್ತೇನೆಂದು ಹೇಳಿ ಹೋದ.

ಉಳಿದಿಬ್ಬರು ಎದ್ದ ಮೇಲೆ ಯಜಮಾನ್ರು ಟೇಪನ್ನು ಕತ್ತಿಗೆ ಸುತ್ತಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು: "ನೀನು ಅಳತೆ ಸರಿ ಮಾಡಿಸೋಕೆ ತಂದ್ಯಲ್ಲ, ಆ ಪ್ಯಾಂಟು ಮೊದಲು ಹೊಲಿದೋನೂ ನಾನೇ ಕಣಪ್ಪ. ಅದನ್ನ ಹಾಕ್ಕೊಂಡು ಅವತ್ತು ಮರದ ಕೆಳಗೆ ಯಾರು ನಿಂತಿದ್ರು ಅಂತ ನಂಗೆ ಗೊತ್ತು. ನಿನಗೆ ಅದೊಂದು ಸಮಾಧಾನ ಅಂತ ಸುಮ್ಮನಿದ್ದೆ. ಇವತ್ತು ಮಾತ್ರ ನೀನು ಸುಮ್ಮನಿರಬಾರದಾಗಿತ್ತು."

ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಮೊರದ ಅಂಚಿನ ಹುಳುಕು ಕಾಳೇ ಕಣ್ಣಮುಂದೆ. ಒಂದೂ ಬಿಡದೆ ಹೇಳುತ್ತೇನೆಂದವನು ಎಲ್ಲವನ್ನೂ ಹೇಳಿ, ತಾನು ಕೂಗಿದ್ದನ್ನು ಮಾತ್ರ ಬಿಟ್ಟಿದ್ದ. ಗೋಲನ್ನು ಪೂರ್ತಿಯಾಗಿ ಆಟಗಾರನಿಗೇ ಕೊಟ್ಟುಬಿಟ್ಟಿದ್ದ. ತನ್ನ ಕಥೆಯಿಂದ ತಾನೇ ಪಕ್ಕಕ್ಕೆ ಸರಿದವನ ಜಾಗದಲ್ಲಿ ನಾನು ಎಂಟು ವರ್ಷ ಅವನದೇ ಪ್ಯಾಂಟು ಹಾಕಿಕೊಂಡು ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶನಿವಾರ ಎಲ್ಲರಿಗಿಂತ ಮುಂಚೆ ಹೋಗಿ ಕೂತೆ. ಅವನು ಬಂದ ಕೂಡಲೇ, ಮೂವರ ಮುಂದೆಯೇ, ನಿಂತುಕೊಂಡು ಹೇಳಿದೆ. "ಕೂಗಿದ್ದು ನಾನಲ್ಲ. ನಮ್ಮಣ್ಣ. ನಾನು ಅವತ್ತು ಆಟಕ್ಕೇ ಬಂದಿರಲಿಲ್ಲ." ಸೊಪ್ಪಿನವನು ನನ್ನ ಕಡೆಗೆ ಕಾಫಿ ಲೋಟ ಸರಿಸಿದ. ಆಟಗಾರ ಕೇಳಿದ್ದು ಒಂದೇ ಮಾತು.

"ಎಲ್ಲಿದಾರೆ ಅವರು?"

"ಹೋಗಿ ಎಂಟು ವರ್ಷ ಆಯ್ತು."

ಅವನು ತನ್ನ ಮಂಡಿ ನೀವಿಕೊಂಡ. ಆಮೇಲೆ, "ಮನೇಲಿ ಯಾರಿದಾರೆ?" ಎಂದ. ಅಮ್ಮ ಇದ್ದಾಳೆ ಎಂದೆ. "ನಡೀರಿ" ಎಂದು ಎದ್ದ.

ತಿಲಕ್ ನಗರದ ಕಡೆಯ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅವನ ಕಾಲಿಗೆ ಅರ್ಧ ಗಂಟೆ ಹಿಡಿಯಿತು. ಅಮ್ಮನ ಮುಂದೆ ಚಾಪೆಯ ಮೇಲೆ ಕಾಲು ಚಾಚಿ ಕೂತು, ನಿಮ್ಮ ದೊಡ್ಡ ಮಗನಿಂದ ನಾನು ದೊಡ್ಡ ಆಟಗಾರ ಅನ್ನಿಸಿಕೊಂಡೆ ಎಂದು ಮೊದಲಿನಿಂದ ಎಲ್ಲ ಹೇಳಿದ. ಅಮ್ಮನಿಗೆ ಗೋಲು, ಶೀಲ್ಡು ಯಾವುದೂ ತಲೆಗೆ ಹೋಗಲಿಲ್ಲ. ಒಂದೇ ಮಾತಿನಲ್ಲಿ ನಿಂತುಬಿಟ್ಟಳು.

"ಅವನು ಕೂಗಿದ್ನಾ? ನನ್ನ ಮಗ? ಅವನಿಗೆ ಕೂಗೋಕೆ ಬರ್ತಿತ್ತಾ?"

"ಮೈದಾನ ದಾಟಿ ಕೇಳಿಸ್ತು ತಾಯಿ."

"ಹ್ಯಾಗೆ ಕೂಗ್ದ? ಒಂದ್ಸಲ ಕೂಗಿ ತೋರ್ಸಪ್ಪಾ."

ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಗೋಡೆ ಹಿಡಿದುಕೊಂಡು ಎದ್ದು ನಿಂತ ಆ ದಪ್ಪ ಮನುಷ್ಯ, ಎರಡೂ ಕೈಗಳನ್ನು ಬಾಯಿಯ ಪಕ್ಕಕ್ಕಿಟ್ಟುಕೊಂಡು, ನಮ್ಮ ಪುಟ್ಟ ನಡುಮನೆಯಲ್ಲಿ ಕೂಗಿದ: "ಅದು ಬಸ್ ಸೀಟಿ ಕಣೋ! ಹೋಗು! ಹೊಡಿಯೋ!"

ಅಡುಗೆಮನೆಯ ಪಾತ್ರೆಗಳು ಅದುರಿದವು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನಾನು ಗೋಡೆಗೆ ಮುಖ ಮಾಡಿ ನಿಂತು, ಎಂಟು ವರ್ಷ ಬಾರದಿದ್ದ ಅಳುವನ್ನು ಅತ್ತೆ.

"ಅಷ್ಟು ಜೋರಾಗಾ?" ಎಂದಳು ಅಮ್ಮ.

"ಇದಕ್ಕಿಂತ ಜೋರಾಗಿ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸುಧಾರಿಸಿಕೊಂಡಳು. "ಸದ್ಯ, ಒಂದ್ಸಲನಾದ್ರೂ ಕೂಗಿದ್ನಲ್ಲ ನನ್ನಪ್ಪ" ಎಂದಳು.

ಆಮೇಲೂ ನಾನು ಚಪ್ಪಡಿಗೆ ಹೋಗುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ. ಗೋಲಿನ ಕಥೆ ಬಂದಾಗ ಮೂರು ಕಡೆಯಿಂದ ಹೇಳುತ್ತಿದ್ದರು. ಹುಣಸೆಮರದ ಸರದಿ ಬಂದಾಗ ಯಜಮಾನ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಒಬ್ಬ ಮನುಷ್ಯ ಮೂರು ಮಾತು ಕೂಗುವಷ್ಟು ಹೊತ್ತು ನಾವು ನಾಲ್ವರೂ ಮಾತಾಡದೆ ಕೂತಿರುತ್ತಿದ್ದೆವು.